ಥಾರ್ಪ್ ಹೋದ, ಡ್ರೆಕ್ಸ್‌ಲರ್ ಬಂದ

"ಈ ಸಲ ಏನಾದರೂ ಬರೆದುಕೊಡಿ, ಆದರೆ ಪ್ರವಾಸಕಥನ ಮಾತ್ರ ಬೇಡ, ಆಗಲೇ ಮೂರು ಬಂದು ಕೂತಿವೆ" ಎಂದು ನಮ್ಮ ಸಂಪಾದಕರು ಫೋನಿನಲ್ಲಿ ಕಟ್ಟಪ್ಪಣೆ ಮಾಡಿದರು. ಪ್ರವಾಸವೂ ಬೇಡ, ಅಡಿಗೆಯ ವಿಚಾರ ನನಗೆ ತಿಳಿಯದು, ವೇದಾಂತ ಹೇಳುವಷ್ಟು ಪಕ್ವವಾಗಿಲ್ಲ. ಉಳಿದದ್ದು ಬ್ಯಾಸ್ಕೆಟ್‌ಬಾಲ್. ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇರುವವರಿಗೆ ನಾನು ಹೇಳಹೊರಟಿರುವ ಕಥೆ ಹಳೆಯದು. ಹೊಸದಾಗಿ ಬಂದ ಕುಟುಂಬಗಳಿಗಾದರೂ ಉಪಯೋಗವಾದೀತು.

1995ನೆಯ ಇಸವಿಯ ಫೆಬ್ರವರಿ 14. ಅಮೆರಿಕನ್ನರಿಗೆ ಅದು ಪ್ರೇಮಿಗಳ ದಿನ. ನಮ್ಮ ಮನೆಯಲ್ಲಿ ಮಾತ್ರ ಅಂದು ಸೂತಕದ ಕಳೆ. ಹನ್ನೊಂದು ವರ್ಷದ ಮಗ ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸದೆ ಕಣ್ಣೀರಿಡುತ್ತಿದ್ದ. "ಓಟಿಸ್ ಥಾರ್ಪ್‌ನ ಕೊಟ್ಟುಬಿಟ್ರಂತೆ ಕಣ್ರೀ" ಎಂದಳು ನನ್ನಾಕೆ, ನೆಂಟರ ಮನೆಯ ಸುದ್ದಿ ಹೇಳುವ ದನಿಯಲ್ಲಿ. ಹ್ಯೂಸ್ಟನ್ ರಾಕೆಟ್ಸ್ ತಂಡ ತನ್ನ ಪವರ್ ಫಾರ್ವರ್ಡ್ ಥಾರ್ಪ್‌ನನ್ನೂ, ಮಾರ್ಸೆಲೊ ನಿಕೋಲಾ ಎಂಬಾತನ ಮೇಲಿನ ಹಕ್ಕನ್ನೂ, ಮುಂದಿನ ಡ್ರಾಫ್ಟಿನ ಮೊದಲ ಸುತ್ತಿನ ಆಯ್ಕೆಯನ್ನೂ ಪೋರ್ಟ್‌ಲೆಂಡಿಗೆ ಕೊಟ್ಟು, ಅಲ್ಲಿಂದ ಕ್ಲೈಡ್ ಡ್ರೆಕ್ಸ್‌ಲರ್ ಮತ್ತು ಟ್ರೇಸಿ ಮರ್ರೆಯನ್ನು ತರಿಸಿಕೊಂಡಿತ್ತು. ಎಂಟೇ ತಿಂಗಳ ಹಿಂದೆ, 1994ರ ಜೂನಿನಲ್ಲಿ, ನ್ಯೂಯಾರ್ಕನ್ನು ಏಳು ಪಂದ್ಯಗಳಲ್ಲಿ ಸೋಲಿಸಿ ಈ ಊರಿಗೆ ಮೊದಲ ಬಾರಿಗೆ ಎನ್.ಬಿ.ಎ. ಪಟ್ಟ ತಂದುಕೊಟ್ಟ ಐವರಲ್ಲಿ ಥಾರ್ಪ್ ಒಬ್ಬ.

ಆಟಗಾರರನ್ನು ಋತುವಿನ ನಡುವೆ ಹೀಗೆ ಅದಲುಬದಲು ಮಾಡುವುದು ನಮ್ಮ ಕಡೆಯವರಿಗೆ ಬೇಗ ಒಗ್ಗುವ ವಿಷಯವಲ್ಲ. 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಾಗ ನಾನು ಬೆಂಗಳೂರಿನಲ್ಲಿದ್ದೆ. ಆ ಡಿಸೆಂಬರಿನಲ್ಲಿ ಯಾರಾದರೂ ವಿಶ್ವನಾಥ್ ಅವರನ್ನು ಮುಂಬಯಿಗೆ ಕೊಟ್ಟು ಬದಲಿಗೆ ಒಬ್ಬ ವೇಗದ ಬೌಲರನ್ನು ತಂದಿದ್ದರೆ ಮಲ್ಲೇಶ್ವರದಲ್ಲಿ ಬಸ್ಸುಗಳು ಓಡುತ್ತಿದ್ದವೆ? ಇಲ್ಲಿ ಅದು ದಿನನಿತ್ಯದ ವ್ಯವಹಾರ. ಋತುವಿಗೆ 82 ಪಂದ್ಯ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಗಿಯುವ ಹೊತ್ತಿಗೆ ಒಂದು ಗಡುವು. ಅಷ್ಟರೊಳಗೆ ಕೊಡುವುದನ್ನು ಕೊಟ್ಟು ಕೊಳ್ಳುವುದನ್ನು ಕೊಂಡುಬಿಡಬೇಕು. ಮನಸ್ಸಿಗೆ ಬಂದಂತೆಯೂ ಮಾಡುವಂತಿಲ್ಲ. 1984-85ರಿಂದ ಒಂದು ತಂಡದ ಸಂಬಳಗಳ ಒಟ್ಟು ಮೊತ್ತಕ್ಕೆ ಮಿತಿ ಇದೆ. ಮಿತಿ ಮೀರಿದ ತಂಡ ತಾನು ಕೊಡುವ ಆಟಗಾರನ ಸಂಬಳಕ್ಕೆ ಹೆಚ್ಚುಕಡಿಮೆ ಸರಿದೂಗುವವನನ್ನೇ ಪಡೆಯಬೇಕು. ಒಳ್ಳೆಯವನು ಬೇಕಿದ್ದರೆ ಒಳ್ಳೆಯವನನ್ನೇ ಕಳೆದುಕೊಳ್ಳಬೇಕು ಎಂದಾಯಿತು.

ಡ್ರೆಕ್ಸ್‌ಲರನ ವಿಚಾರದಲ್ಲಿ ಊರಿಗೆ ಆಕ್ಷೇಪವಿರಲಿಲ್ಲ. ಆತ ಇಲ್ಲೇ ಬೆಳೆದ ಹುಡುಗ. ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಹಕೀಮ್ ಒಲಾಜುವಾನನ ಜೊತೆಗಾರ. 1983ರ ಕಾಲೇಜು ಫೈನಲ್ಲಿನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಕೈಯಲ್ಲಿ ಕೊನೆಯ ಕ್ಷಣದಲ್ಲಿ ಸೋತ ತಂಡದಲ್ಲಿ ಇಬ್ಬರೂ ಇದ್ದರು. ಆಮೇಲೆ ಹನ್ನೊಂದು ವರ್ಷ ಪೋರ್ಟ್‌ಲೆಂಡಿನಲ್ಲಿ ಆಡಿ, ಎರಡು ಬಾರಿ ಫೈನಲ್ ಮುಟ್ಟಿ, ಪಟ್ಟವಿಲ್ಲದೆ ಮೂವತ್ತೆರಡು ದಾಟುತ್ತಿದ್ದ. ಗೆಲ್ಲಬಲ್ಲ ತಂಡಕ್ಕೆ ಕಳಿಸಿ ಎಂದು ತಾನೇ ಕೇಳಿಕೊಂಡಿದ್ದ. ಪ್ರಶ್ನೆ ಅದಲ್ಲ. ಥಾರ್ಪ್ ಹೋದಮೇಲೆ ಬುಟ್ಟಿಯ ಕೆಳಗೆ ನಿಂತು ಚೆಂಡು ಹಿಡಿಯುವವರು ಯಾರು? ಹಿಂದಿನ ವರ್ಷ ಪಂದ್ಯಕ್ಕೆ ಸರಾಸರಿ ಹತ್ತಕ್ಕೂ ಹೆಚ್ಚು ರಿಬೌಂಡ್ ತೆಗೆದವನು ಆತ. ದೊಡ್ಡ ಮದುವೆಯಲ್ಲಿ ಕೋಠಿಯಲ್ಲಿ ಕೂತು ಲೆಕ್ಕ ನೋಡುವ ಸೋದರಮಾವನ ಹಾಗೆ. ಫೋಟೋದಲ್ಲಿ ಇರುವುದಿಲ್ಲ, ಆತ ಇಲ್ಲದಿದ್ದರೆ ಎರಡನೆಯ ಪಂಕ್ತಿಗೆ ಪಾಯಸ ಇರುವುದಿಲ್ಲ.

ಆ ವರ್ಷದ ಯುಗಾದಿ ಕಾರ್ಯಕ್ರಮದಲ್ಲಿ ಮಕ್ಕಳ ಕೋಲಾಟ ನೋಡದೆ ಗಂಡಸರೆಲ್ಲ ಹಿಂದಿನ ಬಾಗಿಲ ಬಳಿ ನಿಂತು ಇದನ್ನೇ ಚರ್ಚಿಸಿದೆವು. ನಮ್ಮ ವಾದಕ್ಕೆ ಅಂಕಿಗಳ ಬೆಂಬಲವೂ ಇತ್ತು. ಡ್ರೆಕ್ಸ್‌ಲರ್ ಬಂದಮೇಲೆ ಆತ ಆಡಿದ 35 ಪಂದ್ಯಗಳಲ್ಲಿ ಗೆದ್ದದ್ದು 17, ಸೋತದ್ದು 18. ನಡುವೆ ಹಕೀಮನಿಗೆ ರಕ್ತಹೀನತೆಯಾಗಿ ಎಂಟು ಪಂದ್ಯ ತಪ್ಪಿದವು. (ಅದೇ ಫೆಬ್ರವರಿಯಲ್ಲಿ ಆತ ರಂಜಾನ್ ಉಪವಾಸವಿದ್ದುಕೊಂಡೇ ಆಡಿ ತಿಂಗಳ ಶ್ರೇಷ್ಠ ಆಟಗಾರನೆನಿಸಿಕೊಂಡಿದ್ದ. ಏಕಾದಶಿಯ ದಿನ ಆಫೀಸಿಗೆ ರಜೆ ಹಾಕುತ್ತಿದ್ದ ನನಗೆ ಮನೆಯಲ್ಲಿ ಈ ಉದಾಹರಣೆಯನ್ನು ಬಹಳ ಸಲ ಕೊಡಲಾಯಿತು.) ಕೊನೆಗೆ 47 ಗೆಲುವು, 35 ಸೋಲು, ಪಶ್ಚಿಮ ವಿಭಾಗದಲ್ಲಿ ಆರನೆಯ ಸ್ಥಾನ. ಪಟ್ಟಾಭಿಷಿಕ್ತರು ಹಿತ್ತಲ ಬಾಗಿಲಿನಿಂದ ಪ್ಲೇ-ಆಫ್ ಪ್ರವೇಶಿಸಬೇಕಾಯಿತು. ಡ್ರೆಕ್ಸ್‌ಲರ್ ಬಂದದ್ದರಿಂದ ತನ್ನ ಜಾಗ ಕಳೆದುಕೊಂಡಿದ್ದ ವರ್ನನ್ ಮ್ಯಾಕ್ಸ್‌ವೆಲ್, ಯೂಟಾದ ಮೇಲಿನ ಮೊದಲ ಪಂದ್ಯ ಮುಗಿಯುತ್ತಿದ್ದಂತೆ ತಂಡವನ್ನೇ ಬಿಟ್ಟು ಹೋದ.

ಮಗನ ದುಃಖಕ್ಕೆ ಇನ್ನೊಂದು ಕಾರಣ ಇದ್ದದ್ದು ನನಗೆ ತಡವಾಗಿ ತಿಳಿಯಿತು. ಆ ಚಳಿಗಾಲದಲ್ಲಿ ನಾನಿದ್ದ ತೈಲ ಕಂಪನಿಯಲ್ಲಿ ಒಂದು ವಿಭಾಗವನ್ನೇ ಬೇರೆ ರಾಜ್ಯಕ್ಕೆ ಸಾಗಿಸುತ್ತಾರೆಂಬ ಗಾಳಿಸುದ್ದಿ ಹಬ್ಬಿತ್ತು. ರಾತ್ರಿ ನಾವಿಬ್ಬರೂ ಅಡಿಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದುದು ಅವನ ಕಿವಿಗೆ ಬಿದ್ದಿರಬೇಕು. ಒಂದು ದಿನ ಕಾರಿನಲ್ಲಿ ಥಟ್ಟನೆ, "ಅಪ್ಪ, ನಿನ್ನನ್ನೂ ಟ್ರೇಡ್ ಮಾಡ್ತಾರಾ?" ಎಂದ. ನಗು ಬರಬೇಕಾದ ಮಾತು, ಬರಲಿಲ್ಲ. ನಾವು ಉಳಿದೆವು. ಅವನ ಸ್ನೇಹಿತನ ಮನೆಯವರು, ನಮ್ಮ ಕೂಟದವರೇ, ಮಾರ್ಚಿಯಲ್ಲಿ ಶಾಲೆಯ ವರ್ಷ ಮುಗಿಯುವ ಮೊದಲೇ ಗಂಟುಮೂಟೆ ಕಟ್ಟಿದರು.

ಇನ್ನು ಆಟಕ್ಕೆ ಬರೋಣ. ಕೋಚ್ ರೂಡಿ ಟೊಂಜಾನೊವಿಚ್ ಮಾಡಿದ್ದೇನೆಂದು ನನಗೆ ಪೂರ್ತಿ ಅರ್ಥವಾದದ್ದು ಮೇ ತಿಂಗಳಲ್ಲಿ. ಥಾರ್ಪ್‌ನ ಜಾಗಕ್ಕೆ ಮತ್ತೊಬ್ಬ ಥಾರ್ಪ್‌ನನ್ನು ಆತ ಹುಡುಕಲಿಲ್ಲ, ಜಾಗದ ಅರ್ಥವನ್ನೇ ಬದಲಾಯಿಸಿದ. ತೆಳ್ಳಗೆ ಉದ್ದಕ್ಕಿದ್ದ ರಾಬರ್ಟ್ ಹಾರಿ ಸ್ಮಾಲ್ ಫಾರ್ವರ್ಡ್. ಅವನನ್ನು ಪವರ್ ಫಾರ್ವರ್ಡ್ ಜಾಗಕ್ಕೂ ಸರಿಸಿದ. ಹಾರಿ ಬುಟ್ಟಿಯ ಕೆಳಗೆ ನೂಕಾಡುವವನಲ್ಲ. ದೂರ ನಿಂತು ಮೂರು ಪಾಯಿಂಟಿನ ಹೊಡೆತ ಹೊಡೆಯುವವನು. ಆ ಋತುವಿನಲ್ಲೇ ಲೀಗ್ ಮೂರು ಪಾಯಿಂಟಿನ ಗೆರೆಯನ್ನು 23 ಅಡಿ 9 ಅಂಗುಲದಿಂದ 22 ಅಡಿಗೆ ಒಳಸರಿಸಿತ್ತು. ಹಕೀಮ್ ಬುಟ್ಟಿಯ ಬಳಿ ಚೆಂಡು ಹಿಡಿದು ನಿಂತರೆ ಒಬ್ಬನಿಂದ ಅವನನ್ನು ತಡೆಯುವುದಾಗದು, ಇಬ್ಬರು ಬರಲೇಬೇಕು. ಇಬ್ಬರು ಬಂದರೆ ಹೊರಗೆ ನಿಂತ ನಾಲ್ವರಲ್ಲಿ ಒಬ್ಬನಿಗೆ ಕಾವಲಿರುವುದಿಲ್ಲ. ಥಾರ್ಪ್ ಇದ್ದಾಗ ಅವನನ್ನು ಕಾಯುವ ದೈತ್ಯನೂ ಬುಟ್ಟಿಯ ಹತ್ತಿರವೇ ಇರುತ್ತಿದ್ದ. ಈಗ ಆ ದೈತ್ಯ ಹಾರಿಯ ಹಿಂದೆ ಇಪ್ಪತ್ತೆರಡು ಅಡಿ ಹೊರಗೆ ಹೋಗಬೇಕು, ಇಲ್ಲವೆ ಮೂರು ಪಾಯಿಂಟ್ ತೆರಬೇಕು. ಇಂದು ಎಲ್ಲ ತಂಡಗಳೂ ಆಡುವುದು ಹೆಚ್ಚುಕಡಿಮೆ ಹೀಗೆಯೇ. ಅಂದು ಇದು ಅಪರೂಪ.

ತಮಾಷೆಯೆಂದರೆ ಈ ಹಾರಿಯನ್ನೇ ರಾಕೆಟ್ಸ್ ಹಿಂದಿನ ವರ್ಷ, 1994ರ ಫೆಬ್ರವರಿಯಲ್ಲಿ, ಡೆಟ್ರಾಯಿಟಿಗೆ ಕೊಟ್ಟಾಗಿತ್ತು! ಬದಲಿಗೆ ಬರಬೇಕಿದ್ದ ಶಾನ್ ಎಲಿಯಟ್‌ನಿಗೆ ಮೂತ್ರಪಿಂಡದ ತೊಂದರೆ ಇರುವುದು ವೈದ್ಯಪರೀಕ್ಷೆಯಲ್ಲಿ ಕಂಡು ಒಪ್ಪಂದ ಮುರಿದುಬಿತ್ತು. ಹಾರಿ ಪೆಟ್ಟಿಗೆ ಹೊತ್ತು ವಾಪಸು ಬಂದ. ಎರಡು ಪಟ್ಟಗಳೂ ಆ ಮುರಿದ ಒಪ್ಪಂದದ ಋಣ ಎಂದರೆ ಹೆಚ್ಚಾಗಲಾರದು.

ರಿಬೌಂಡಿನ ಕೆಲಸವನ್ನು ಹಲವರಿಗೆ ಹಂಚಲಾಯಿತು. ಚಕ್ಕಿ ಬ್ರೌನ್ ಎಂಬಾತ ಸಿ.ಬಿ.ಎ. ಎಂಬ ಚಿಕ್ಕ ಲೀಗಿನಿಂದ ಬಂದವನು. ಚಾರ್ಲ್ಸ್ ಜೋನ್ಸ್ ಸೇರಿದ್ದು ಏಪ್ರಿಲಿನಲ್ಲಿ, ಆಗ ಅವನಿಗೆ 38 ತುಂಬಿತ್ತು. ಇಂಥವರಿಗಾಗಿ ಹತ್ತು ದಿನದ ಕರಾರು ಎಂಬುದೊಂದಿದೆ: ಒಂದು ತಂಡ ಒಬ್ಬನಿಗೆ ಅದನ್ನು ಒಂದು ಋತುವಿನಲ್ಲಿ ಎರಡು ಸಲ ಕೊಡಬಹುದು, ಮೂರನೆಯ ಸಲಕ್ಕೆ ಋತುವಿನ ಕೊನೆಯವರೆಗೆ ಇಟ್ಟುಕೊಳ್ಳಬೇಕು ಇಲ್ಲವೆ ಕಳಿಸಬೇಕು. ವೀಸಾದ ಮುದ್ರೆ ನೋಡಿ ದಿನ ಎಣಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎದುರಾಳಿಗಳನ್ನು ನೋಡಿ. ಪವರ್ ಫಾರ್ವರ್ಡನ್ನು ಕೊಟ್ಟ ತಂಡಕ್ಕೆ ಒಬ್ಬರಾದಮೇಲೊಬ್ಬರು ಎದುರಾದವರು ಯೂಟಾದ ಕಾರ್ಲ್ ಮಲೋನ್, ಫೀನಿಕ್ಸಿನ ಚಾರ್ಲ್ಸ್ ಬಾರ್ಕ್ಲಿ, ಸ್ಯಾನ್ ಆಂಟೋನಿಯೊದ ಡೆನಿಸ್ ರಾಡ್‌ಮನ್, ಒರ್ಲಾಂಡೊದ ಹೊರೇಸ್ ಗ್ರಾಂಟ್. ಯೂಟಾದೆದುರು 2-1ರಿಂದ ಹಿಂದಿದ್ದಾಗ ನಾಲ್ಕನೆಯ ಪಂದ್ಯದಲ್ಲಿ ಡ್ರೆಕ್ಸ್‌ಲರ್ 41, ಹಕೀಮ್ 40 ಪಾಯಿಂಟ್ ಹೊಡೆದರು. ಐದನೆಯದನ್ನು ಅವರ ಊರಿನಲ್ಲೇ 95-91ರಿಂದ ಗೆದ್ದರು. ಫೀನಿಕ್ಸಿನೆದುರು 3-1ರಿಂದ ಸೋಲುತ್ತಿದ್ದು ಏಳನೆಯ ಪಂದ್ಯದವರೆಗೆ ಎಳೆದರು. ಕೊನೆಯ ಏಳು ಸೆಕೆಂಡಿದ್ದಾಗ ಮಾರಿಯೊ ಎಲಿ ಮೂಲೆಯಿಂದ ಹೊಡೆದ ಮೂರು ಪಾಯಿಂಟು, ಅನಂತರ ಫೀನಿಕ್ಸಿನ ಬೆಂಚಿನ ಕಡೆ ತೇಲಿಬಿಟ್ಟ ಮುತ್ತು ನಮ್ಮ ಊರಿನವರ ನೆನಪಿನಲ್ಲಿ ಅಚ್ಚೊತ್ತಿವೆ. ಪೋರ್ಚುಗಲ್, ಅರ್ಜೆಂಟೀನಾ, ಐರ್ಲೆಂಡ್ ಎಂದು ಹೊಟ್ಟೆಪಾಡಿಗೆ ಅಲೆದು ಬಂದವನು ಈ ಎಲಿ. 115-114.

ಸ್ಯಾನ್ ಆಂಟೋನಿಯೊದ ಮೊದಲ ಪಂದ್ಯದಲ್ಲಿ ರೂಡಿಯ ಲೆಕ್ಕ ಬರಿಗಣ್ಣಿಗೆ ಕಂಡಿತು. ರಾಡ್‌ಮನ್ ಬುಟ್ಟಿಯ ಕೆಳಗೇ ಉಳಿದ, ಹೊರಗೆ ಹಾರಿ ಒಂಟಿಯಾಗಿ ನಿಂತಿದ್ದ, ಚೆಂಡು ಅವನ ಕೈಗೆ ಬಂತು: 94-93. ಫೈನಲ್ಲಿಗೆ ಎಲಿಯನ್ನು ಮೊದಲ ಐವರಲ್ಲಿ ಸೇರಿಸಿ ಹಾರಿಯನ್ನು ಪೂರ್ತಿಯಾಗಿ ಪವರ್ ಫಾರ್ವರ್ಡ್ ಮಾಡಿಬಿಟ್ಟ. ಮೊದಲ ಪಂದ್ಯದಲ್ಲಿ ಇಪ್ಪತ್ತು ಪಾಯಿಂಟು ಹಿಂದೆ ಬಿದ್ದಿದ್ದರೂ ಹೆಚ್ಚುವರಿ ಅವಧಿಯಲ್ಲಿ 120-118ರಿಂದ ಗೆದ್ದರು. ಮುಂದೆ ಹೇಳುವಂಥದ್ದೇನಿಲ್ಲ, ನಾಲ್ಕಕ್ಕೆ ನಾಲ್ಕು. ಆರನೆಯ ಸ್ಥಾನದಿಂದ ಹೊರಟು ಪಟ್ಟ ಗೆದ್ದ ತಂಡ ಇಂದಿಗೂ ಇನ್ನೊಂದಿಲ್ಲ.

ಹಾಗಾದರೆ ಕೊಟ್ಟದ್ದು ಸರಿಯೆ? ಆಟದ ದೃಷ್ಟಿಯಿಂದ ಸರಿ. ಯುಗಾದಿಯ ದಿನ ನಾನು ಹೇಳಿದ್ದೆಲ್ಲ ತಪ್ಪು. ಆದರೂ ನನ್ನ ಮನಸ್ಸು ಪೂರ್ತಿ ಒಪ್ಪಿಲ್ಲ. ಆ ವಸಂತದಲ್ಲಿ ಥಾರ್ಪ್ ಸೇರಿದ ಪೋರ್ಟ್‌ಲೆಂಡ್ ಮೊದಲ ಸುತ್ತಿನಲ್ಲೇ ಮೂರಕ್ಕೆ ಮೂರು ಸೋತು ಮನೆಗೆ ಹೋಯಿತು. ಸೋತದ್ದು ಇದೇ ಫೀನಿಕ್ಸಿಗೆ. ಟೊಯೋಟಾ ಸೆಂಟರಿನ ಮಾಳಿಗೆಯಿಂದ ಡ್ರೆಕ್ಸ್‌ಲರನ 22, ಹಕೀಮನ 34 ತೂಗುತ್ತಿವೆ, ಥಾರ್ಪ್‌ನ 33 ಇಲ್ಲ. ಅವರೆಲ್ಲ ಆಡಿದ ಸಮಿಟ್ ಕ್ರೀಡಾಂಗಣ 2005ರಿಂದ ದೊಡ್ಡದೊಂದು ಚರ್ಚಾಗಿದೆ.

1995ರ ಜೂನಿನಲ್ಲಿ ಪೇಟೆಯಲ್ಲಿ ವಿಜಯದ ಮೆರವಣಿಗೆ ನಡೆದಾಗ ಮಗನನ್ನು ಕರೆದುಕೊಂಡು ಹೋಗಿದ್ದೆ. ಹೊಸ 22ರ ಅಂಗಿ ಕೊಡಿಸುತ್ತೇನೆಂದರೂ ಕೇಳದೆ, ಭುಜದಲ್ಲಿ ಬಿಗಿಯಾಗತೊಡಗಿದ್ದ ಹಳೆಯ 33ರದ್ದನ್ನೇ ತೊಟ್ಟು ಬಂದ. ಜನಜಂಗುಳಿಯಲ್ಲಿ ನಮ್ಮ ಹಿಂದಿದ್ದ ಒಬ್ಬ ಮುದುಕ ಅದನ್ನು ನೋಡಿ ಏನೂ ಹೇಳಲಿಲ್ಲ. ಅವನನ್ನು ಮುಂದಕ್ಕೆ ಬಿಟ್ಟು, ಕಾಣಿಸಲೆಂದು ತಾನು ಪಕ್ಕಕ್ಕೆ ಸರಿದು ನಿಂತ.