ಸೈಜ್ ಒಂದೇ ಇದ್ದರೆ ಫೈಲು ಸರಿಯೇ?

“ಮಗಳ ಮದುವೆ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಎರಡೂ ಕಡೆ ಸೈಜ್ ಒಂದೇ ಇದೆ. ಲ್ಯಾಪ್‌ಟಾಪಿನಿಂದ ಅಳಿಸಬಹುದೆ?” ಎಂದು ಓದುಗರೊಬ್ಬರು ಕೇಳಿದ್ದಾರೆ. ಸದ್ಯಕ್ಕೆ ಬೇಡ. ಸೈಜ್ ಎನ್ನುವುದು ಡ್ರೈವ್‌ನ ಪಟ್ಟಿಯಲ್ಲಿ ಬರೆದಿಟ್ಟ ಸಂಖ್ಯೆ ಅಷ್ಟೇ. ಒಳಗಿನ ವಿಡಿಯೊ ಕೆಟ್ಟಿದ್ದರೂ ಅದು ಹಾಗೇ ಇರುತ್ತದೆ.

ನಕಲಿನಲ್ಲಿ ನುಸುಳುವ ತಪ್ಪನ್ನು ಹಿಡಿಯುವ ಉಪಾಯ ನಿಮ್ಮ ಆಧಾರ್ ಕಾರ್ಡಿನಲ್ಲೇ ಇದೆ. ಅದರ ಹನ್ನೆರಡನೆಯ ಅಂಕಿಯನ್ನು ಮೊದಲ ಹನ್ನೊಂದರಿಂದ ಲೆಕ್ಕ ಹಾಕಿರುತ್ತಾರೆ. ಈ ಲೆಕ್ಕ ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ್ದು. ಜನ ಅಂಕಿ ಬರೆಯುವಾಗ ಎಲ್ಲಿ ಎಡವುತ್ತಾರೆಂದು ಆತ ತನ್ನ ದೇಶದ ಅಂಚೆ ವ್ಯವಸ್ಥೆಯ ದಾಖಲೆಗಳನ್ನು ಜಾಲಾಡಿದ. ಹೆಚ್ಚಿನವು ಒಂದೇ ಅಂಕಿಯ ತಪ್ಪು. ಆಮೇಲೆ ಅಕ್ಕಪಕ್ಕದ ಅಂಕಿಗಳ ಅದಲುಬದಲು, 47 ಹೋಗಿ 74. ಒಂದೇ ತಾಳೆ-ಅಂಕಿಯಿಂದ ಎರಡನ್ನೂ ಬಿಡದೆ ಹಿಡಿಯುವುದು ಸಾಧ್ಯವಿಲ್ಲವೆಂದೇ ಆಗ ನಂಬಿದ್ದರು. ಪಂಚಭುಜವನ್ನು ತಿರುಗಿಸುವ, ಮಗುಚುವ ಹತ್ತು ಬಗೆಗಳ ಗಣಿತದಿಂದ ಆತ ಸಾಧಿಸಿ ತೋರಿಸಿದ. ಆ ಗಣಿತದಲ್ಲಿ ಮೊದಲು ತಿರುಗಿಸಿ ಆಮೇಲೆ ಮಗುಚುವುದೇ ಬೇರೆ, ಮೊದಲು ಮಗುಚಿ ಆಮೇಲೆ ತಿರುಗಿಸುವುದೇ ಬೇರೆ. ಗುಟ್ಟು ಬಹುಮಟ್ಟಿಗೆ ಅಲ್ಲಿದೆ.

ಆದರೆ ಅಡ್ಡಾದಿಡ್ಡಿ ಕೆಟ್ಟ ಸಂಖ್ಯೆಯೂ ಹತ್ತರಲ್ಲೊಮ್ಮೆ ಪಾಸಾಗಿಬಿಡುತ್ತದೆ. ಫೈಲಿಗೆ ಇಷ್ಟು ಸಡಿಲ ಸಲ್ಲದು. ಎಸ್‌ಎಚ್‌ಎ-256 ಎಂಬ ಹ್ಯಾಶ್ ಲೆಕ್ಕ ಎಷ್ಟೇ ದೊಡ್ಡ ಫೈಲನ್ನು ಓದಿದರೂ ಕೊಡುವುದು 64 ಅಕ್ಷರಗಳ ಒಂದು ಸಾಲು. ಒಂದೇ ಬಿಟ್ ಬದಲಾದರೂ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗಲೇ ಇದು ಸಿಗುತ್ತದೆ. ಎರಡೂ ಪ್ರತಿಗಳ ಸಾಲುಗಳನ್ನು ತಾಳೆ ನೋಡಿ.

ಇಲ್ಲೊಂದು ಕಿತಾಪತಿ ಇದೆ. ಕಾಪಿ ಮುಗಿದ ಕೂಡಲೇ ನೋಡಿದರೆ ಕಂಪ್ಯೂಟರು ಡ್ರೈವ್‌ನ ಗೋಜಿಗೇ ಹೋಗದೆ, ತನ್ನ ರ‍್ಯಾಮ್‌ನಲ್ಲಿ ಉಳಿದದ್ದನ್ನೇ ಓದಿ ಸರಿ ಎಂದುಬಿಡಬಹುದು. ಪರದೆಯ ಮೇಲೆ ನೂರು ಪರ್ಸೆಂಟ್ ಬಂದರೂ ಕೆಲವೊಮ್ಮೆ ಡ್ರೈವ್‌ನ ದೀಪ ಇನ್ನೂ ಮಿಣುಕುತ್ತಿರುತ್ತದೆ. ಇಜೆಕ್ಟ್ ಕೊಟ್ಟು, ಕಿತ್ತು, ಮತ್ತೆ ಚುಚ್ಚಿ ಆಮೇಲೆ ಹ್ಯಾಶ್ ತೆಗೆಯಿರಿ.

ಅಗ್ಗಕ್ಕೆ ಸಿಗುವ ‘1 ಟಿಬಿ’ ಪೆನ್‌ಡ್ರೈವ್‌ಗಳ ಬಣ್ಣ ಬಯಲಾಗುವುದೂ ಹೀಗೆಯೇ. ಒಳಗಿರುವುದು ಸಣ್ಣ ಚಿಪ್, ಸುಳ್ಳು ಹೇಳುವಂತೆ ತಿದ್ದಿದ ಕಂಟ್ರೋಲರ್. ಜಾಗ ಮುಗಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತದೆ, ಇಲ್ಲವೇ ಬಂದದ್ದನ್ನು ಎಸೆಯುತ್ತದೆ. ಫೈಲಿನ ಹೆಸರು, ಸೈಜು ಮಾತ್ರ ಅಚ್ಚುಕಟ್ಟು.

ಹಳೆಯ ಎಂಡಿ5 ಹ್ಯಾಶ್ ‘ಮುರಿದುಬಿದ್ದಿದೆ’, ಮುಟ್ಟಲೇಬೇಡಿ ಎನ್ನುವವರಿದ್ದಾರೆ. ಚೀನಾದ ಷಿಯಾವೊಯುನ್ ವಾಂಗ್ ತಂಡ 2004ರಲ್ಲಿ ತೋರಿಸಿದ್ದು, ಒಂದೇ ಎಂಡಿ5 ಬರುವ ಎರಡು ಬೇರೆ ದತ್ತಾಂಶಗಳನ್ನು ಬೇಕೆಂದೇ ಹೆಣೆಯಬಹುದು ಎಂಬುದನ್ನು. ಸವೆದ ಚಿಪ್‌ಗೆ ಅಂಥ ದುರುದ್ದೇಶವೂ ಇಲ್ಲ, ಜಾಣತನವೂ ಇಲ್ಲ. ತಾನಾಗಿ ಕೆಟ್ಟ ಬಿಟ್ ಹಿಡಿಯಲು ಎಂಡಿ5 ಧಾರಾಳ ಸಾಕು.