ಒಂದು ತಿಂಗಳ ಓದು

ಕಳೆದ ಬೇಸಿಗೆಯಲ್ಲಿ ಪರೀಕ್ಷೆಯ ಭಾರ ಇಳಿದ ಮೇಲೆ, ಒಂದು ತಿಂಗಳ ಕಾಲ ಪಠ್ಯಪುಸ್ತಕಗಳನ್ನು ಮುಟ್ಟದೆ ಕಾದಂಬರಿಗಳನ್ನೇ ಓದುವುದೆಂದು ನಿಶ್ಚಯಿಸಿದೆ. ಓದಿದ್ದು ಐದು ಕೃತಿಗಳನ್ನು. ನಾಲ್ಕು ಕನ್ನಡದವು, ಒಂದು ತಮಿಳಿನದು. ಅವುಗಳನ್ನು ವಿಮರ್ಶಿಸುವ ಯೋಗ್ಯತೆ ನನಗಿಲ್ಲ. ಆದರೆ ನಾನು ಓದುತ್ತಿದ್ದುದನ್ನು ಕಂಡ ಸಹಪಾಠಿಯೊಬ್ಬನು ಒಂದು ಪ್ರಶ್ನೆ ಕೇಳಿದನು: “ದುರ್ಗ ಬಿತ್ತು, ಕೊಡಗು ಹೋಯಿತು ಎಂಬುದು ಚರಿತ್ರೆಯ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಸಿಗುತ್ತದಲ್ಲ? ಕೊನೆ ಗೊತ್ತಿರುವ ಕಥೆಯನ್ನು ಇಷ್ಟು ಪುಟ ಏತಕ್ಕೆ ಓದುತ್ತೀಯೆ?” ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ ಸ್ವಲ್ಪಮಟ್ಟಿಗೆ ಹೊಳೆಯಿತು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿಂದಿನ ಕಾಲದ ರಾಜಕಾರಣವನ್ನು ಗದ್ಯದಲ್ಲಿ ಕಥೆಯಾಗಿ ಹೇಳುವುದು ಕನ್ನಡಕ್ಕೆ ಹೊಸತಲ್ಲ. ಕೆಂಪುನಾರಾಯಣನು 1823ರಲ್ಲಿಯೇ ನಂದರ ಪತನವನ್ನೂ ಚಾಣಕ್ಯನ ತಂತ್ರವನ್ನೂ ‘ಮುದ್ರಾಮಂಜೂಷ’ದಲ್ಲಿ ಬರೆದನು. ಆಮೇಲೆ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದರು. ಗಳಗನಾಥರು ‘ಮಾಧವ ಕರುಣಾವಿಲಾಸ’ದಂತಹ ಕಾದಂಬರಿಗಳನ್ನು ಬರೆದುದಲ್ಲದೆ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಿಗನಿಗೆ ತನ್ನ ಹಿಂದಿನದರಲ್ಲಿ ಅಭಿಮಾನ ಹುಟ್ಟಲಿ ಎಂಬುದು ಅವರ ಆಸೆಯಾಗಿತ್ತು. ಆ ಕಾಲಕ್ಕೆ ಅದು ಅಗತ್ಯವೂ ಆಗಿತ್ತು. ಆದರೆ ಅಭಿಮಾನವೊಂದೇ ಇಂತಹ ಕೃತಿಗಳ ಫಲವೇ?

ಮೊದಲ ವಾರ ನಾನು ಓದಿದುದು ಕೆ.ವಿ. ಅಯ್ಯರ್ ಅವರ ‘ಶಾಂತಲಾ’. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅಂಗಸಾಧನೆಗೆ ಹೆಸರಾಗಿದ್ದವರು ಇಂತಹ ಮೃದುವಾದ ಕಥೆಯನ್ನು ಬರೆದರೆಂಬುದೇ ಒಂದು ಆಶ್ಚರ್ಯ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ಮುಕ್ತಿ ಪಡೆದಳೆಂದು ಶಾಸನ ಹೇಳುತ್ತದೆ. ಅಷ್ಟು ಹೇಳಿ ಮುಂದಕ್ಕೆ ಸಾಗುತ್ತದೆ. ಆಕೆಯ ಮನಸ್ಸಿನಲ್ಲಿ ಆ ದಿನ ಏನಿತ್ತೆಂಬುದು ಕಲ್ಲಿಗೆ ಬೇಕಾಗಿಲ್ಲ, ನಮಗೆ ಬೇಕು. ಕಾದಂಬರಿಕಾರನ ಅಧಿಕಾರ ಪ್ರಾರಂಭವಾಗುವುದು ಇಲ್ಲಿಯೇ. ಶಾಸನ ನುಡಿದ ಕಡೆ ಅವನು ಅದಕ್ಕೆ ವಿರುದ್ಧವಾಗಿ ನುಡಿಯಬಾರದು. ಶಾಸನ ಮೌನವಾದ ಕಡೆ ಅವನು ಮಾತನಾಡಬಹುದು. ಆದರೆ ಆ ಮಾತು ಆ ಕಾಲಕ್ಕೆ, ಆ ವ್ಯಕ್ತಿಗೆ ಒಪ್ಪುವಂತಿರಬೇಕು. ಐತಿಹಾಸಿಕ ಕಾದಂಬರಿಯನ್ನು ಅಳೆಯಲು ಇದಕ್ಕಿಂತ ಸುಲಭವಾದ ಅಳತೆಗೋಲು ಬೇರೆ ಇಲ್ಲವೆಂದು ನನಗೆ ತೋರುತ್ತದೆ.

ಎರಡನೆಯ ವಾರದ ಪುಸ್ತಕ ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ನಮ್ಮ ಜಿಲ್ಲೆಯವರೇ, ಮಾಲೂರು ತಾಲ್ಲೂಕಿನವರು. 1956ರಲ್ಲಿ ಹೊರಬಂದ ಈ ಕೃತಿಯ ಕರ್ತೃವಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಕೊಡಗಿನ ಕೊನೆಯ ಅರಸನು 1834ರಲ್ಲಿ ರಾಜ್ಯವನ್ನು ಕಳೆದುಕೊಂಡುದೇ ಇದರ ವಸ್ತು. ಪುಸ್ತಕವನ್ನು ತೆರೆಯುವಾಗ, ಆಂಗ್ಲರ ಮೋಸವನ್ನು ಕಂಡು ಸಿಟ್ಟಾಗುವ ಸಿದ್ಧತೆಯಲ್ಲಿ ನಾನಿದ್ದೆ. ಮಾಸ್ತಿಯವರು ಅದಕ್ಕೆ ಅವಕಾಶ ಕೊಡಲಿಲ್ಲ. ಕಂಪೆನಿಯವರು ಕಾದು ಕುಳಿತಿದ್ದರು, ನಿಜ. ಆದರೆ ಅರಸನು ತಂಗಿ ದೇವಮ್ಮಾಜಿಯನ್ನು ಸೆರೆಯಲ್ಲಿಡುತ್ತಾನೆ. ಆಕೆಯ ಗಂಡನು ಕಂಪೆನಿಯ ಆಶ್ರಯವನ್ನು ಬೇಡುತ್ತಾನೆ. ಅರಸನ ಸರಿಸಮಕ್ಕೆ ಕುಂಟ ಬಸವನು ನಿಂತಿದ್ದಾನೆ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಇವರಿಬ್ಬರೂ ಕೆಟ್ಟ ಮಂತ್ರಿಗಳಲ್ಲ. ನಾಡು ಉಳಿಯಬೇಕೆಂಬುದೇ ಅವರ ಆಸೆ. ರಾಣಿ ಗೌರಮ್ಮನಂತೂ ತಾಳ್ಮೆಯ ಮೂರ್ತಿ. ಇಷ್ಟು ಜನ ಒಳ್ಳೆಯವರಿದ್ದೂ ರಾಜ್ಯ ಉಳಿಯಲಿಲ್ಲ. ಶತ್ರು ಗಡಿ ದಾಟುವುದಕ್ಕೆ ಬಹಳ ಮೊದಲೇ ಕೊಡಗು ಅರಮನೆಯ ಒಳಗೆ ಬಿದ್ದುಹೋಗಿತ್ತು. ಚರಿತ್ರೆಯ ಪಾಠ ಬಿದ್ದ ವರ್ಷವನ್ನು ಹೇಳುತ್ತದೆ; ಬೀಳಲು ಪ್ರಾರಂಭವಾದ ಘಳಿಗೆಯನ್ನು ಕಾದಂಬರಿ ತೋರಿಸುತ್ತದೆ. ನನ್ನ ಸಹಪಾಠಿಗೆ ಮೊದಲನೆಯ ಉತ್ತರ ಇದು.

ಮೂರನೆಯ ವಾರ ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಹಿಡಿದೆ. ಚಿತ್ರದುರ್ಗದ ಪಾಳೆಯಗಾರರನ್ನು ಕುರಿತು ಅವರು ಬರೆದ ಕಾದಂಬರಿಗಳ ಸಾಲಿನಲ್ಲಿ ಇದು 1982ರಲ್ಲಿ ಪ್ರಕಟವಾಯಿತು. 1985ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಲೇಖಕರು ಬದುಕಿರಲಿಲ್ಲ. ಹೆಸರಿನಲ್ಲಿಯೇ ಕೊನೆಯನ್ನು ಹೇಳಿಬಿಟ್ಟ ಪುಸ್ತಕವಿದು. ಆದರೂ ಏಳು ಸುತ್ತಿನ ಕೋಟೆ ಈ ಬಾರಿಯಾದರೂ ಉಳಿದೀತೇನೋ ಎಂಬ ಆಸೆಯಿಂದ ಮಧ್ಯರಾತ್ರಿಯವರೆಗೆ ಓದಿದೆ. ಮದಕರಿನಾಯಕನ ಪಕ್ಷವನ್ನು ಸಂಪೂರ್ಣವಾಗಿ ವಹಿಸಿದ್ದೆ. 1779ರಲ್ಲಿ ದುರ್ಗವನ್ನು ಹಿಡಿದ ಹೈದರಾಲಿಯ ಮೇಲೆ ನನಗೆ ಕೋಪ ಬಂದಿತ್ತು.

ಮರುದಿನ ಬೆಳಿಗ್ಗೆ ಒಂದು ವಿಷಯ ನೆನಪಾಗಿ ಆ ಕೋಪ ಪೇಚಿಗೆ ಸಿಕ್ಕಿಕೊಂಡಿತು. ಹೈದರನು ಹುಟ್ಟಿದುದು ಬೂದಿಕೋಟೆಯಲ್ಲಿ. ಬೂದಿಕೋಟೆಯಿರುವುದು ನಮ್ಮ ಪಕ್ಕದ ಬಂಗಾರಪೇಟೆ ತಾಲ್ಲೂಕಿನಲ್ಲಿ. ಅವನ ತಂದೆಯ ಗೋರಿ ಕೋಲಾರದಲ್ಲಿದೆ. ಚಿತ್ರದುರ್ಗದ ಓದುಗನಿಗೆ ಹೈದರನು ಕೋಟೆಯ ಹೊರಗಿನಿಂದ ಬಂದವನು. ನಮಗಾದರೋ ಅವನು ನೆರೆಯ ಊರಿನ ಹುಡುಗ. ದಿಕ್ಕಿಲ್ಲದ ಸ್ಥಿತಿಯಿಂದ ಮೇಲೆ ಬಂದು ಮೈಸೂರನ್ನೇ ಆಳಿದವನು. ಹಾಗಾದರೆ ನಾನು ಯಾರ ಪಕ್ಷ? ಕಾದಂಬರಿ ಸುಳ್ಳು ಹೇಳಿತೆಂದು ನಾನು ಹೇಳುತ್ತಿಲ್ಲ. ಕೋಟೆಯ ಒಳಗೆ ನಿಂತು ನೋಡಿದರೆ ಕಾಣುವುದನ್ನು ಅದು ಪ್ರಾಮಾಣಿಕವಾಗಿ ಹೇಳಿದೆ. ಕೋಟೆಗೆ ಹೊರಗೂ ಒಂದು ಉಂಟೆಂಬುದನ್ನು ನೆನಪಿನಲ್ಲಿಡಬೇಕಾದವನು ಓದುಗನು.

ನಾಲ್ಕನೆಯ ವಾರ ಈ ಪಾಠ ಇನ್ನೂ ಹತ್ತಿರಕ್ಕೆ ಬಂತು. ನಮ್ಮ ಮನೆಯ ಮಾತು ತಮಿಳು, ನನ್ನ ಶಾಲೆಯ ಮಾತು ಕನ್ನಡ. ಆಂಡರ್ಸನ್‌ಪೇಟೆಯಲ್ಲಿ ಇದು ವಿಶೇಷವೇನಲ್ಲ. ತಮಿಳು ಅಕ್ಷರಗಳನ್ನು ನಾನು ತಡವರಿಸಿಕೊಂಡು ಓದಬಲ್ಲೆ, ಅಷ್ಟೆ. ಆದುದರಿಂದ ಕಲ್ಕಿಯವರ ‘ಶಿವಗಾಮಿಯಿನ್ ಶಪದಂ’ ಕೃತಿಯನ್ನು ಸಂಜೆಯ ಹೊತ್ತು ಜಗುಲಿಯ ಮೇಲೆ ಕುಳಿತು ನನ್ನ ತಾತ ಓದಿ ಹೇಳಿದರು. ಅವರು ಗಣಿಯಲ್ಲಿ ದುಡಿದು ಬಂದವರು. 1944ರಿಂದ 1946ರವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆಯನ್ನು ಅವರು ಎಷ್ಟು ಸಲ ಓದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಪುಲಕೇಶಿಯು ಕಂಚಿಯ ಮೇಲೆ ದಂಡೆತ್ತಿ ಬರುತ್ತಾನೆ. ನರ್ತಕಿ ಶಿವಗಾಮಿಯನ್ನು ವಾತಾಪಿಗೆ ಸೆರೆ ಒಯ್ಯುತ್ತಾರೆ. ಆ ನಗರ ಉರಿಯುವುದನ್ನು ಕಾಣುವವರೆಗೆ ಅದನ್ನು ಬಿಟ್ಟು ಬರುವುದಿಲ್ಲವೆಂದು ಆಕೆ ಶಪಥ ಮಾಡುತ್ತಾಳೆ. ಪಲ್ಲವ ನರಸಿಂಹವರ್ಮನು ಬಂದು ವಾತಾಪಿಯನ್ನು ಸುಡುತ್ತಾನೆ. 642ರ ಸುಮಾರಿನಲ್ಲಿ ಪಲ್ಲವರು ಆ ನಗರವನ್ನು ಹಿಡಿದುದು ಚರಿತ್ರೆ. ಶಿವಗಾಮಿ ಕಲ್ಕಿಯವರ ಕಲ್ಪನೆ.

ವಾತಾಪಿಯೆಂದರೆ ನಮ್ಮ ಬಾದಾಮಿ. ಹರ್ಷನನ್ನು ನರ್ಮದೆಯಲ್ಲಿ ತಡೆದ ಪುಲಕೇಶಿಯ ಹೆಸರನ್ನು ಶಾಲೆಯಲ್ಲಿ ಹೆಮ್ಮೆಯಿಂದ ಕಲಿತವನು ನಾನು. ನಗರ ಉರಿಯುವ ಪುಟಗಳನ್ನು ಕೇಳುತ್ತ ನನ್ನ ಮುಖ ಸಣ್ಣದಾಗಿರಬೇಕು. ತಾತ ಓದುವುದನ್ನು ನಿಲ್ಲಿಸಿ, “ಏನಪ್ಪಾ, ಯಾಕೆ ಹಾಗಿದ್ದೀಯ?” ಎಂದರು. “ತಾತ, ಅದು ನಮ್ಮ ಬಾದಾಮಿ” ಎಂದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಕಂಚಿಯನ್ನು ಮುತ್ತಿದಾಗ ಅಲ್ಲಿಯವರೂ ಹೀಗೇ ಅಂದಿರುತ್ತಾರೆ. ಉರಿಯುವ ಊರಿನಲ್ಲಿ ಮಗುವನ್ನು ಎತ್ತಿಕೊಂಡು ಓಡುವವಳು ಯಾವ ಭಾಷೆ ಆಡಿದರೇನು?” ಎಂದು ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಓದಿದರು. ಕಲ್ಕಿಯವರ ಕಥೆಯಲ್ಲಿಯೂ ಆ ಜಯದಿಂದ ಶಿವಗಾಮಿಗೆ ಸುಖ ಸಿಕ್ಕುವುದಿಲ್ಲ.

ಇಂತಹ ಎರಡು ಮನಸ್ಸು ನಮ್ಮ ನೆಲಕ್ಕೆ ಹಳೆಯದು. ಕೋಲಾರ, ಎಂದರೆ ಕುವಳಾಲ, ಗಂಗರ ಮೊದಲ ರಾಜಧಾನಿಯೆಂದು ಪ್ರಸಿದ್ಧ. ಆಮೇಲೆ ಅದು ಚೋಳರ ಕೈಸೇರಿತು. ಇಂದಿಗೂ ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳನ್ನು ನೋಡಬಹುದು. ಗಡಿಯ ಮೇಲೆ ಕುಳಿತವನಿಗೆ ಎರಡೂ ಕಡೆಯ ಕಥೆ ಕೇಳಿಸುತ್ತದೆ. ಇದನ್ನು ನಾವು ಕೊರತೆಯೆಂದು ತಿಳಿಯುವುದುಂಟು. ಓದುಗನಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಒಂದು ಕಥೆಯಲ್ಲಿ ಗೆದ್ದವರ ನಡುವೆ ನಿಂತವನು ಇನ್ನೊಂದರಲ್ಲಿ ಸೋತವರ ನಡುವೆ ನಿಲ್ಲಬೇಕಾಗುತ್ತದೆ. ಆಗ ದ್ವೇಷ ತಾನಾಗಿಯೇ ಸಡಿಲವಾಗುತ್ತದೆ. ಇದು ನನ್ನ ಎರಡನೆಯ ಉತ್ತರ.

ಉಳಿದ ದಿನಗಳಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿ ಮುಗಿಸಿದೆ. ಇದರಲ್ಲಿ ಅರಸನಿಲ್ಲ, ಕೋಟೆಯಿಲ್ಲ. ಕಡಲ ತಡಿಯ ಒಂದು ಮನೆ, ಅದರ ಮೂರು ತಲೆಮಾರು: ರಾಮ ಐತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ. ಪಾರೋತಿ, ಸರಸೋತಿ, ನಾಗವೇಣಿ ಇವರು ಮಳೆ, ಉಪ್ಪುನೀರು, ಸಾಲ, ಅವಮಾನಗಳ ನಡುವೆ ಆ ಮನೆಯನ್ನು ಹೊತ್ತು ನಿಲ್ಲುತ್ತಾರೆ. ಇದನ್ನು ಯಾರೂ ಐತಿಹಾಸಿಕ ಕಾದಂಬರಿಯೆಂದು ಕರೆಯುವುದಿಲ್ಲ. ಆದರೆ ಆ ಕಾಲ ಹೇಗೆ ಬದಲಾಯಿತೆಂಬುದು ನನಗೆ ಅರಸರ ಕಥೆಗಳಿಗಿಂತ ಇದರಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಂಡಿತು. ಸಾಮಾನ್ಯರ ಮನೆಗೂ ಒಂದು ಚರಿತ್ರೆ ಉಂಟೆಂದು ನನಗೆ ಮನದಟ್ಟಾದುದು ಆಗ.

ಪುಸ್ತಕವನ್ನು ಮಡಿಸಿ ಹೊರಗೆ ಬಂದರೆ ಎದುರಿಗೆ ಸಯನೈಡ್ ದಿಬ್ಬ. ನಮ್ಮ ಊರಿನ ವಿಷಯ ಪುಸ್ತಕಗಳಲ್ಲಿ ಹೇಗಿದೆ? 1880ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಬಂತು. 1930ರಲ್ಲಿ ಬೆರಳಚ್ಚು ಕೊಡಬೇಕೆಂಬುದರ ವಿರುದ್ಧ ಕಾರ್ಮಿಕರು ಮುಷ್ಕರ ಹೂಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನಾಲ್ಕು ಸಾಲುಗಳು. ಉತ್ತರ ಆರ್ಕಾಟಿನಿಂದಲೂ ಚಿತ್ತೂರಿನ ಕಡೆಯಿಂದಲೂ ಹೊಟ್ಟೆಪಾಡಿಗೆ ಬಂದ ಮೊದಲ ತಲೆಮಾರು, ಭೂಮಿಯ ಒಳಗೆ ಇಳಿದ ಎರಡನೆಯದು, ಮುಂಜಾನೆ ಮಾರಿಕುಪ್ಪದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಮೂರನೆಯದು, ಇವರು ಆ ಸಾಲುಗಳ ನಡುವೆ ಇದ್ದಾರೆ. 1930ರಲ್ಲಿ ಹೆಬ್ಬೆರಳನ್ನು ಮುಂದೆ ಚಾಚಲು ಒಲ್ಲದವನ ಮನಸ್ಸಿನಲ್ಲಿ ಏನಿತ್ತು? ಗಣಿ ಮುಚ್ಚಿದ ಸಂಜೆ ಮನೆಗಳಲ್ಲಿ ಒಲೆಯ ಮುಂದೆ ಏನು ಮಾತು ನಡೆಯಿತು? ಶಾಂತಲೆಯ ಶಾಸನದಂತೆ ಇಲ್ಲಿಯೂ ಕಲ್ಲು ಮೌನವಾಗಿದೆ. ಆದರೆ ಒಂದು ವ್ಯತ್ಯಾಸವುಂಟು. ಶಾಂತಲೆಯನ್ನು ಕಂಡವರು ಈಗ ಯಾರೂ ಇಲ್ಲ. ಗಣಿಯನ್ನು ಕಂಡವರು ಇನ್ನೂ ನಮ್ಮ ಜಗುಲಿಗಳ ಮೇಲೆ ಕುಳಿತಿದ್ದಾರೆ.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ರಜೆಯಲ್ಲಿ ಇಂತಹ ಎರಡಾದರೂ ಕಾದಂಬರಿಗಳನ್ನು ಓದಿರಿ. ಪಕ್ಕದಲ್ಲಿ ಒಂದು ಭೂಪಟವೂ ಒಂದು ಚರಿತ್ರೆಯ ಪುಸ್ತಕವೂ ಇರಲಿ. ಒಂದು ಕಡೆಯ ಕಥೆ ಓದಿದ ಮೇಲೆ ಇನ್ನೊಂದು ಕಡೆಯದನ್ನೂ ಹುಡುಕಿ ಓದಿರಿ. ಬಳಿಕ ಒಂದು ನೋಟುಪುಸ್ತಕ ಹಿಡಿದು ಮನೆಯ ಹಿರಿಯರ ಬಳಿ ಕುಳಿತು, ಅವರು ಹೇಳಿದುದನ್ನು, ಅದು ಯಾವ ಭಾಷೆಯಲ್ಲಿದ್ದರೂ ಸರಿ, ಹಾಗೆಯೇ ಬರೆದುಕೊಳ್ಳಿರಿ. ಕಾದಂಬರಿ ಬರೆಯುವ ಶಕ್ತಿ ನಮ್ಮಲ್ಲಿ ಯಾರಿಗಾದರೂ ಬರುತ್ತದೆಯೋ ಇಲ್ಲವೋ ಹೇಳಲಾರೆ. ಬರುವವನಿಗೆ ಬೇಕಾದ ಸಾಮಗ್ರಿಯನ್ನು ಉಳಿಸಿಡುವುದು ನಮ್ಮೆಲ್ಲರಿಂದಲೂ ಆಗುವ ಕೆಲಸ. ಮೊನ್ನೆ ಸಂಜೆ ನಾನು ತಾತನ ಮುಂದೆ ನೋಟುಪುಸ್ತಕ ತೆರೆದು ಕುಳಿತೆ. “ಎಲ್ಲಿಂದ ಶುರು ಮಾಡಲಿ?” ಎಂದು ಅವರು ಕೇಳಿದರು. “ಮೊದಲ ದಿನ ಕೆಳಗೆ ಇಳಿದದ್ದರಿಂದ” ಎಂದೆ.