ಗುಜರಿಗೆ ಬರುವ ಭಾರದ ಪೆಟ್ಟಿಗೆ: ಮುಟ್ಟುವ ಮುನ್ನ ಎಚ್ಚರ

ಮುಂಬಯಿ: ಮಹಾನಗರ ಹಾಗೂ ಉಪನಗರಗಳ ವರ್ಕ್‌ಶಾಪ್, ಫ್ಯಾಕ್ಟರಿ, ರಿಫೈನರಿಗಳಲ್ಲಿ ದುಡಿಯುವ ತುಳು-ಕನ್ನಡಿಗ ಬಂಧುಗಳು ಅನೇಕರು. ಅಲ್ಲಿ ಪೈಪ್ ಹಾಗೂ ಬಾಯ್ಲರ್‌ಗಳ ವೆಲ್ಡಿಂಗ್ ಪರೀಕ್ಷಿಸಲು ಬಳಸುವ 'ರೇಡಿಯೋಗ್ರಫಿ ಕ್ಯಾಮರಾ' ಎಂಬ ಪುಟ್ಟ ಪೆಟ್ಟಿಗೆಯನ್ನು ಕೆಲವರಾದರೂ ಕಂಡಿರಬಹುದು. ಇದು ಫೋಟೋ ತೆಗೆಯುವ ಕ್ಯಾಮರಾ ಅಲ್ಲ. ಇದರೊಳಗೆ ಸಾಮಾನ್ಯವಾಗಿ ಇರಿಡಿಯಂ-192 ಎಂಬ ವಿಕಿರಣ ಧಾತುವಿನ ಚಿಕ್ಕ ತುಣುಕು ಇರುತ್ತದೆ. ನವಿಮುಂಬಯಿಯ ವಾಶಿಯಲ್ಲಿರುವ 'ಬ್ರಿಟ್' ಸಂಸ್ಥೆ ಇಂತಹ ವಿಕಿರಣ ಮೂಲಗಳನ್ನು ಪೂರೈಸುತ್ತದೆ.

ಪೆಟ್ಟಿಗೆ ಮುಚ್ಚಿರುವ ತನಕ ಸೀಸ ಅಥವಾ ಸತ್ವಗುಂದಿದ ಯುರೇನಿಯಂನ ದಪ್ಪ ಕವಚ ವಿಕಿರಣವನ್ನು ತಡೆಯುತ್ತದೆ. ಆದರೆ ಆ ಕವಚದ ಭಾರವೇ ಕಳ್ಳನಿಗೆ ಆಸೆ ಹುಟ್ಟಿಸುವಂಥದ್ದು. ಲೋಹ ಸಿಕ್ಕೀತೆಂದು ಒಡೆದರೆ ಅಪಾಯ ಹೊರಬೀಳುತ್ತದೆ. ಇರಿಡಿಯಂನ ಶಕ್ತಿ 74 ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದಾದರೂ ಕಳ್ಳ ಅಷ್ಟು ದಿನ ಕಾಯುವುದಿಲ್ಲ.

ಇರಾಕಿನ ಬಸ್ರಾ ಬಳಿಯ ಉಗ್ರಾಣದಿಂದ 2015ರ ನವೆಂಬರಿನಲ್ಲಿ ಇಂತಹುದೇ ಇರಿಡಿಯಂ ಉಪಕರಣ ಕಳವಾಗಿ, 2016ರ ಫೆಬ್ರವರಿಯಲ್ಲಿ ಜುಬೇರ್ ಪಟ್ಟಣದಲ್ಲಿ ಪತ್ತೆಯಾಯಿತು. ಅದೃಷ್ಟವಶಾತ್ ಯಾರೂ ಅದನ್ನು ಒಡೆದಿರಲಿಲ್ಲ.

ದಿಲ್ಲಿಯ ಮಾಯಾಪುರಿ ಗುಜರಿ ಪೇಟೆಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿ ನಡೆದದ್ದು ಕಳವೂ ಅಲ್ಲ. ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟ್-60 ಯಂತ್ರ 2010ರ ಫೆಬ್ರವರಿಯಲ್ಲಿ ಹರಾಜಾಗಿ ಗುಜರಿ ಸೇರಿತು. ಕಾರ್ಮಿಕರು ಅದನ್ನು ಬಿಚ್ಚಿದರು. ವ್ಯಾಪಾರಿಯೊಬ್ಬರು ತುಂಡೊಂದನ್ನು ಪಾಕೀಟಿನಲ್ಲಿ ಇರಿಸಿಕೊಂಡಿದ್ದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬ ಕಾರ್ಮಿಕ ಅಸುನೀಗಿದರು.

ನಮ್ಮ ನಗರಕ್ಕೂ ಇದು ದೂರದ ಮಾತಲ್ಲ. 2016ರ ಡಿಸೆಂಬರಿನಲ್ಲಿ ಠಾಣೆ ಪೊಲೀಸರು ಸುಮಾರು 9 ಕಿಲೋ ಸತ್ವಗುಂದಿದ ಯುರೇನಿಯಂ ವಶಪಡಿಸಿಕೊಂಡರು. 2021ರ ಮೇಯಲ್ಲಿ ಮಹಾರಾಷ್ಟ್ರ ಎಟಿಎಸ್ 7 ಕಿಲೋಗೂ ಮಿಕ್ಕಿದ ನೈಸರ್ಗಿಕ ಯುರೇನಿಯಂ ಸಹಿತ ಠಾಣೆ ಮತ್ತು ಮಾನ್‌ಖುರ್ದ್‌ನ ಇಬ್ಬರನ್ನು ಬಂಧಿಸಿತು. ಇವು ಇರಿಡಿಯಂನಷ್ಟು ತೀಕ್ಷ್ಣವಲ್ಲ. ಆದರೂ ಇಂತಹ ವಸ್ತುಗಳು ಕೈಯಿಂದ ಕೈಗೆ ಸಾಗುತ್ತವೆ ಎಂಬುದಕ್ಕೆ ಇದೇ ಸಾಕ್ಷಿ.

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಟ್ಟಿದಾಗ ನೋವೂ ಆಗದು. ಚರ್ಮ ಸುಡುವುದು, ಕೂದಲುದುರುವುದು ದಿನಗಳ ಅನಂತರ. ಆಗ ವೈದ್ಯರಿಗೂ ಕಾರಣ ಹೊಳೆಯದಿರಬಹುದು. ಆದ್ದರಿಂದ ಪೆಟ್ಟಿಗೆಯ ಮೇಲಿರುವ, ನಡುವಿನ ಚುಕ್ಕೆಯ ಸುತ್ತ ಮೂರು ಎಸಳಿನ ಗುರುತನ್ನು ಎಲ್ಲರೂ ತಿಳಿದಿರಬೇಕು. ಅದು ಕಂಡರೆ ಮುಟ್ಟಬೇಡಿ, ಒಡೆಯಬೇಡಿ, ಮನೆಗೆ ಒಯ್ಯಬೇಡಿ. ದೂರ ಸರಿಯಿರಿ, ಅಂತರ ಇಮ್ಮಡಿಯಾದರೆ ವಿಕಿರಣ ಕಾಲು ಭಾಗಕ್ಕಿಳಿಯುತ್ತದೆ. ಇತರರನ್ನೂ ತಡೆದು 112ಕ್ಕೆ ಕರೆ ಮಾಡಿ. ಈಗಾಗಲೇ ಮುಟ್ಟಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಇಂತಹ ಉಪಕರಣಗಳ ಮೇಲೆ ನಿಗಾ ಇರಿಸುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಚೇರಿ ನಮ್ಮ ಅಣುಶಕ್ತಿನಗರದಲ್ಲೇ ಇದೆ. ಪಕ್ಕದ ತ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರಕ್ಕೆ ತುಮಕೂರಿನ ಡಾ. ರಾಜಾ ರಾಮಣ್ಣ ಅವರು ನಿರ್ದೇಶಕರಾಗಿದ್ದರೆಂಬುದು ನಮಗೆಲ್ಲ ಹೆಮ್ಮೆ. ನೇತ್ರ ತಪಾಸಣೆ, ರಕ್ತದಾನ ಶಿಬಿರಗಳನ್ನು ಮುತುವರ್ಜಿಯಿಂದ ನಡೆಸುವ ನಮ್ಮ ಸಂಘ-ಸಂಸ್ಥೆಗಳು, ಆ ಶಿಬಿರಗಳಲ್ಲೇ ಈ ಮೂರು ಎಸಳಿನ ಗುರುತಿನ ಚಿತ್ರವೊಂದನ್ನು ಗೋಡೆಗೆ ತೂಗುಹಾಕಿದರೆ ಖರ್ಚು ಏನೂ ಇಲ್ಲ. ಒಂದು ಜೀವ ಉಳಿದರೂ ಸಾರ್ಥಕ.